ಮೇಘನಳ ವರ್ಷತೊಡಕು

ಸೋಮವಾರ, ೧೦ ಮಾರ್ಚ್ ೧೯೯೭
ಪಾಂಡವಪುರ

ಪತ್ನಿ ಯಶೋದಳ ವರ್ಷದ ತಿಥಿ ಶನಿವಾರ ಮುಗಿಯಿತು. ಬಂದ ನೆಂಟರೆಲ್ಲ ನಿನ್ನೆಯೇ ಹೊರಟುಹೋದರು. ಅತ್ತೆ ದೊಡ್ಡತಾಯಮ್ಮನವರು ಮಾತ್ರ ಇಂದು ಬೆಳಿಗ್ಗೆಯವರೆಗೆ ಉಳಿದು, ಅಕ್ಕಿಹೆಬ್ಬಾಳಿಗೆ ಹೊರಡುವ ಮುನ್ನ ನನ್ನ ಮೇಲೊಂದು ಆರೋಪವನ್ನು ಮಂಡಿಸಿದರು.

"ತಪ್ಪು ತಿಳ್ಕೋಬೇಡಿ ಅಳಿಯಂದ್ರೆ. ಮೇಘನ ಮಗಿನಂಗಿಲ್ಲ, ಕಚೇರಿ ಜವಾನ ಇದ್ದಂಗವ್ಳೆ. ನೀವು ಒಳೀಕ್ ಬಂದ್ರೆ ಎದ್ದು ನಿಂತ್ಕತಾಳೆ."

ಹಿರಿಯರು ಬಂದಾಗ ಎದ್ದು ನಿಲ್ಲುವುದು ಸಭ್ಯತೆ ಎಂದೆ.

"ಅಪ್ಪ ಬಂದ್ರೆ ಓಡ್ಬಂದು ಕಾಲು ತಬ್ಕಬೇಕು. ಅದು ಮಗೀನ ಸಭ್ಯತೆ. ಐದೂವರೆ ವರ್ಸದ ಮಗ, ಮೈಮೇಲೆ ಒಂದು ಧೂಳಿಲ್ಲ, ಬಾಯಲ್ಲಿ ಒಂದು ನಗ ಇಲ್ಲ. ಯುಗಾದಿಗೆ ಬತ್ತೀನಿ. ಆಗ ಆಡ್ಕಂಡು ನಗ್ಕಂಡು ಇದ್ರೆ ಸರಿ. ಇಲ್ದಿದ್ರೆ ನನ್ನ ಜೊತೇಲಿ ಕರ್ಕಂಡು ಓಯ್ತೀನಿ. ಒಂದ್ನೇ ಕ್ಲಾಸಿಗೆ ಅಲ್ಲೇ ಸೇರಿಸ್ತೀನಿ."

ನಾನು ಮೂರು ಅಂಶಗಳಲ್ಲಿ ಉತ್ತರ ಕೊಟ್ಟೆ. ಎರಡನೆಯ ಅಂಶದ ವೇಳೆಗೆ ಅವರು ಎದ್ದು ಹಿತ್ತಿಲಿನ ತೊಗರಿಕಡ್ಡಿ ಪೊರಕೆಯನ್ನು ನೋಡಲು ಹೋಗಿದ್ದರು. ಕಾಲೇಜಿನ ಚರ್ಚಾಸ್ಪರ್ಧೆಯ ವೇದಿಕೆಯಲ್ಲಿ ಎದುರಾಳಿ ನಡುವೆಯೇ ಎದ್ದುಹೋದರೆ ನಾವು ಗೆದ್ದಂತೆ. ಮನೆಯಲ್ಲಿ ಆ ನಿಯಮವಿಲ್ಲ.

ಯುಗಾದಿ ಏಪ್ರಿಲ್ ಎಂಟಕ್ಕೆ. ಇಪ್ಪತ್ತೊಂಬತ್ತು ದಿನಗಳಿವೆ. ಸರಿಯಾದ ಯೋಜನೆಯಿದ್ದರೆ ಸಾಕಷ್ಟು ಕಾಲಾವಕಾಶ.

ಭಾನುವಾರ, ೧೬ ಮಾರ್ಚ್

ಮೇಘನಳ ಶಿಶುವಿಹಾರಕ್ಕೆ ನಿನ್ನೆಯಿಂದ ಬೇಸಿಗೆ ರಜೆ. ಇಂದಿನಿಂದ 'ಹೊರಾಂಗಣ ವಿನೋದ ಕಾರ್ಯಕ್ರಮ' ಆರಂಭಿಸಿದೆ. ವೇಳಾಪಟ್ಟಿಯನ್ನು ಬಾಗಿಲಿಗೆ ಅಂಟಿಸಿದ್ದೇನೆ.

ಏಳೂವರೆಯಿಂದ ಏಳೂ ಐವತ್ತು: ಪ್ರಕೃತಿ ವೀಕ್ಷಣೆ. ಏಳೂ ಐವತ್ತರಿಂದ ಎಂಟೂ ಹತ್ತು: ಓಟ. ಎಂಟೂ ಹತ್ತರಿಂದ ಎಂಟೂ ಹದಿನೈದು: ನಗು, ಹರಟೆ ಇತ್ಯಾದಿ.

ಮನೆಯೆದುರಿನ ಹೊಂಗೆಮರ ಚಿಗುರಿ ಮೊಗ್ಗು ಬಿಟ್ಟಿದೆ. ಅದರಡಿ ನಿಂತು ಅದರ ಬೀಜ, ಎಣ್ಣೆ, ಹಿಂಡಿ, ನೆರಳು ಎಂಬ ನಾಲ್ಕು ಉಪಯೋಗಗಳನ್ನು ವಿವರಿಸಿದೆ. ಮಗಳು ಕೈಕಟ್ಟಿಕೊಂಡು ಕೇಳಿದಳು. ನಾಲ್ಕನೆಯ ಉಪಯೋಗ ಮುಗಿದ ಮೇಲೆ, "ಓಡ್ಲಾ ಅಪ್ಪ?" ಎಂದಳು. ಓಡು ಎಂದೆ. ಮರದಿಂದ ಗೇಟಿನವರೆಗೆ ಓಡಿ, ಹಿಂದಿರುಗಿ, ಮತ್ತೆ ಕೈಕಟ್ಟಿ ನಿಂತಳು.

ಎದುರುಮನೆಯ ಕುಳ್ಳಮ್ಮ ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ನಾನು ನೀರಾವರಿ ಕಚೇರಿಗೆ ಹೋದಾಗ ಮೇಘನಳನ್ನು ನೋಡಿಕೊಳ್ಳುವವರು ಅವರೇ. ಆದ್ದರಿಂದ ಅವರಿಗೆ ಮಾತನಾಡುವ ಹಕ್ಕಿದೆ ಎಂದು ಅವರು ತಿಳಿದಿದ್ದಾರೆ.

"ಏನ್ ಚೆಲುವಣ್ಣ, ಮಗೀನ ಪೋಲೀಸಿಗೆ ಸೇರಿಸ್ತಾ ಇದ್ದೀರಾ?"

ಎಂಟೂ ಹತ್ತಕ್ಕೆ ನಗುವಿನ ಅವಧಿ ಆರಂಭವಾಯಿತು. ನಡೆಯಲಿಲ್ಲ.

ಬುಧವಾರ, ೧೯ ಮಾರ್ಚ್

ಮಕ್ಕಳ ಸಂಖ್ಯೆ ಸಾಲದೆಂದು ಮನಗಂಡು ಕುಳ್ಳಮ್ಮನ ಮೊಮ್ಮಕ್ಕಳಿಬ್ಬರನ್ನೂ ಆಹ್ವಾನಿಸಿದೆ. ಹೇಮಳಿಗೆ ಏಳು ವರ್ಷ, ತಿಮ್ಮೇಶನಿಗೆ ಆರು. ಸಂಜೆ ಕಚೇರಿಯಿಂದ ಬಂದೊಡನೆ ಕಣ್ಣಾಮುಚ್ಚಾಲೆ ಏರ್ಪಡಿಸಿ ಒಂಬತ್ತು ನಿಯಮಗಳನ್ನು ಓದಿ ಹೇಳಿದೆ.

"ಒಂಬತ್ತಾ?" ಎಂದ ತಿಮ್ಮೇಶ. "ಬಚ್ಚಿಟ್ಕಳಾದು ಒಂದೇ ಅಲ್ವಾ ಮಾವ?"

ಮಾದರಿಯಾಗಿರಲೆಂದು ಮೊದಲು ನಾನೇ ಹೊಂಗೆಮರಕ್ಕೆ ಮುಖ ಮಾಡಿ ನೂರರವರೆಗೆ ಎಣಿಸಿದೆ. ಎಲ್ಲ ಸಂಖ್ಯೆಗಳನ್ನೂ ಸ್ಪಷ್ಟವಾಗಿ ಉಚ್ಚರಿಸಿದೆ. ನಂತರ ನಲವತ್ತು ನಿಮಿಷ ಹುಡುಕಿದೆ. ಬಚ್ಚಲು, ಸೌದೆಕೊಟ್ಟಿಗೆ, ನೀರಿನ ತೊಟ್ಟಿ, ಹಳೆಯ ಗಾಡಿಯ ಕೆಳಗೆ. ಬೀದಿಯಲ್ಲಿ ಹೋಗುವವರು ಏನು ಕಳೆದಿದೆ ಎಂದು ವಿಚಾರಿಸಿದರು. ಮಕ್ಕಳು ಎಂದಾಗ ಇಬ್ಬರು ನನ್ನೊಂದಿಗೆ ಹುಡುಕಲು ನಿಂತರು.

ಅರವತ್ತು ಎಣಿಸುವಷ್ಟರಲ್ಲಿ ಮಕ್ಕಳಿಗೆ ಬೇಸರವಾಗಿ, ಮೂವರೂ ಕುಳ್ಳಮ್ಮನ ಅಡುಗೆಮನೆಗೆ ಹೋಗಿ ರಾಗಿರೊಟ್ಟಿ ತಿನ್ನುತ್ತಿದ್ದರೆಂದು ಆಮೇಲೆ ತಿಳಿಯಿತು. ನಾನು ಗಾಡಿಯ ಕೆಳಗೆ ಬಗ್ಗಿದ್ದಾಗ ಗೋಡೆಯಾಚೆ ಯಾರೋ ಕಿಸಕ್ಕನೆ ನಕ್ಕ ಸದ್ದು. ಹೇಮಳ ದನಿ ಅದಲ್ಲ, ತಿಮ್ಮೇಶನದೂ ಅಲ್ಲ.

ನಿಯಮಭಂಗವಾದ್ದರಿಂದ ಆಟವನ್ನು ಅಸಿಂಧು ಎಂದು ಘೋಷಿಸಿದೆ.

ಭಾನುವಾರ, ೨೩ ಮಾರ್ಚ್

ಹೊಂಗೆ ಹೂ ಉದುರಲು ಆರಂಭವಾಗಿದೆ. ಮರದಡಿಯ ನೆಲ ಪುರಿ ಚೆಲ್ಲಿದಂತೆ ಕಾಣುತ್ತದೆ. ಮಕ್ಕಳು ತೆಂಗಿನ ಚಿಪ್ಪುಗಳನ್ನಿಟ್ಟುಕೊಂಡು ಅಡುಗೆಯಾಟ ಹೂಡಿ ನನ್ನನ್ನು ಊಟಕ್ಕೆ ಕರೆದರು. ಹೂವೇ ಅನ್ನ, ಮಣ್ಣು ಕಲಸಿದ ನೀರೇ ಸಾರು. ಮುತ್ತುಗದ ಎಲೆಯ ಮೇಲೆ ಹೇಮ ಬಡಿಸಿದಳು. ಹೊಂಗೆ ಕಹಿ, ತಿನ್ನತಕ್ಕದ್ದಲ್ಲ ಎಂದೆ.

"ತಿನ್ಬೇಡಿ ಮಾವ, ಉಂಡಂಗೆ ಮಾಡಿ. ಅಷ್ಟೂ ಬರಲ್ವಾ ನಿಮಗೆ?"

ಉಂಡಂತೆ ಮಾಡಿದೆ. ಚೆನ್ನಾಗಿದೆ ಎಂದೂ ಹೇಳಿದೆ. ಉಪ್ಪು ಕಡಿಮೆಯೆಂದು ಸೇರಿಸಿದೆ, ಏಕೆಂದರೆ ನಿರ್ಣಯ ಪ್ರಾಮಾಣಿಕವಾಗಿರಬೇಕು.

ಆಗ ಮೇಘನ ಇನ್ನೊಂದು ಎಲೆ ಹಾಸಿ ಅದಕ್ಕೂ ಬಡಿಸಿದಳು. ಅದು ಯಾರಿಗೆ ಎಂದು ತಿಮ್ಮೇಶ ಕೇಳಿದ.

"ಅಮ್ಮಂಗೆ."

ಬಿಸಿಲು ಹೆಚ್ಚಾಗಿದೆ, ಆಟ ಸಾಕು ಎಂದು ಹೇಳಿ ಎದ್ದು ಒಳಗೆ ಬಂದೆ. ಬೆಳಿಗ್ಗೆ ಎಂಟೂವರೆಯಾಗಿತ್ತು.

ಸೋಮವಾರ, ೨೪ ಮಾರ್ಚ್

ಕಚೇರಿ. ಬರೆಯುವಂಥದ್ದೇನೂ ಇಲ್ಲ.

ಭಾನುವಾರ, ೩೦ ಮಾರ್ಚ್

ನಾಲೆಯಲ್ಲಿ ನೀರು ನಿಲ್ಲಿಸಿದ್ದಾರೆ. ಆ ಆದೇಶವನ್ನು ಬೆರಳಚ್ಚು ಮಾಡಿಸಿದವನು ನಾನೇ ಆದರೂ, ಬತ್ತಿದ ನಾಲೆಯೊಳಗೆ ಇಳಿದದ್ದು ಇದೇ ಮೊದಲು. ಕೆಳಗೆ ತೇವದ ಮರಳಿದೆ. ಮಕ್ಕಳು ಬರಿಗಾಲನ್ನು ಮರಳಲ್ಲಿ ಹೂತು, ಮೇಲೆ ತಟ್ಟಿ ತಟ್ಟಿ, ಕಾಲನ್ನು ಮೆಲ್ಲನೆ ಹೊರಗೆಳೆದು ಗುಬ್ಬಿಗೂಡು ಕಟ್ಟುತ್ತಾರೆ. ನಾನು ದಡದಲ್ಲಿ ಛತ್ರಿ ಹಿಡಿದು ಮೇಲ್ವಿಚಾರಣೆ ನಡೆಸುತ್ತಿದ್ದೆ.

"ಅಪ್ಪನ ಕಾಲು ದೊಡ್ಡದು," ಎಂದಳು ಮೇಘನ, ನನ್ನನ್ನಲ್ಲ, ಹೇಮಳನ್ನು ನೋಡಿ. "ಅಪ್ಪ ಕಟ್ಟಿದ್ರೆ ಕಾಗೆಗೂಡೇ ಆಯ್ತದೆ."

ವಾದದಲ್ಲಿ ಹುರುಳಿತ್ತು. ಷೂ ಬಿಚ್ಚಿ ಇಳಿದೆ. ಮೂವರು ಸೇರಿ ನನ್ನ ಬಲಗಾಲಿನ ಮೇಲೆ ಮರಳು ಪೇರಿಸಿದರು. ಅಲುಗಾಡಬಾರದೆಂದು ತಿಮ್ಮೇಶ ಆಜ್ಞೆ ಮಾಡಿದ. ಆ ಸ್ಥಿತಿಯಲ್ಲಿರುವಾಗ ನಾಲೆಯ ತೂಬು ಕಾಯುವ ನೀರುಗಂಟಿ ಮರಿಯಯ್ಯ ದಡದ ಮೇಲೆ ಕಾಣಿಸಿಕೊಂಡ. ಪ್ರತಿ ತಿಂಗಳೂ ನನ್ನ ಮೇಜಿನ ಮುಂದೆ ಕೈಕಟ್ಟಿ ನಿಲ್ಲುವ ಮನುಷ್ಯ.

"ಸ್ವಾಮಿ, ನಾಲೆ ತಪಾಸಣೆ ಮಾಡ್ತಾ ಇದ್ದೀರಾ?"

"ಹೌದು," ಎಂದೆ.

"ಇಲ್ಲ ತಾತ," ಎಂದಳು ಮೇಘನ. "ಅಪ್ಪ ಗೂಡು ಕಟ್ತಾ ಅವ್ರೆ. ಮಾತಾಡಿಸ್ಬೇಡ, ಬಿದ್ದೋಯ್ತದೆ."

ಮರಿಯಯ್ಯ ತಲೆಯ ಟವಲನ್ನು ತೆಗೆದು ಬಾಯಿಗೆ ಅಡ್ಡ ಹಿಡಿದು ಹೊರಟುಹೋದ. ಅವನ ಬೆನ್ನು ಬಹಳ ದೂರದವರೆಗೂ ಕುಲುಕುತ್ತಿತ್ತು.

'ಅವ್ರೆ' ಅಲ್ಲ, 'ಇದ್ದಾರೆ' ಎಂದು ತಿದ್ದಬೇಕಿತ್ತು. ಆಗ ಕಾಲು ಹೊರತೆಗೆಯುವ ಗಂಭೀರ ಘಟ್ಟದಲ್ಲಿದ್ದೆ. ಗೂಡು ನಿಂತಿತು.

ಶುಕ್ರವಾರ, ೪ ಏಪ್ರಿಲ್

ಮರಕೋತಿ ಆಟ. ಒಬ್ಬ ಕಳ್ಳ ನೆಲದ ಮೇಲೆ, ಉಳಿದವರು ಮರದ ಮೇಲೆ. ಕಳ್ಳ ಯಾರನ್ನಾದರೂ ಮುಟ್ಟಿದರೆ ಅವರು ಕಳ್ಳರಾಗಬೇಕು. ನನಗೆ ಮರ ಹತ್ತಲು ಬಾರದು. ಕಲಿಯಬೇಕಾದ ವಯಸ್ಸಿನಲ್ಲಿ ಭಾಷಣ ಬಾಯಿಪಾಠ ಮಾಡುತ್ತಿದ್ದೆ. ಪರಿಣಾಮವಾಗಿ ಇಂದು ಸಂಜೆ ಒಂದು ಗಂಟೆ ಐದು ನಿಮಿಷ ಸತತವಾಗಿ ಕಳ್ಳನಾಗಿದ್ದೆ.

ಸರದಿಯ ಪ್ರಕಾರ ಕಳ್ಳ ಬದಲಾಗುವುದು ನ್ಯಾಯ ಎಂದು ಕೆಳಗಿನಿಂದ ವಾದಿಸಿದೆ. ಸಮಾನ ಅವಕಾಶದ ತತ್ತ್ವವನ್ನೂ ಉಲ್ಲೇಖಿಸಿದೆ.

"ಮಾತಾಡ್ಬೇಡಿ ಮಾವ, ಮುಟ್ಟಿ," ಎಂದ ತಿಮ್ಮೇಶ ಮೇಲಿನಿಂದ.

ಮೇಘನ ಕವಲಿನಲ್ಲಿ ಕುಳಿತು ಕಾಲಾಡಿಸುತ್ತಿದ್ದಳು. ಲಂಗದ ಅಂಚು ಹರಿದಿತ್ತು. ರಾತ್ರಿ ಹೊಲಿಯಲು ಯತ್ನಿಸಿದೆ. ನನ್ನ ಪಂಚೆಯೂ ಸೇರಿ ಹೊಲಿಗೆ ಬಿತ್ತು.

ಬಾಗಿಲಿನ ವೇಳಾಪಟ್ಟಿ ಎಲ್ಲೋ ಕಳಚಿಬಿದ್ದಿದೆ. ಹೊಸದು ಬರೆಯಬೇಕು. ನಾಳೆ ನೋಡೋಣ.

ಮಂಗಳವಾರ, ೮ ಏಪ್ರಿಲ್
ಯುಗಾದಿ

ಎಲ್ಲವೂ ನನ್ನಿಂದಲೇ ಕೆಟ್ಟಿತು. ಹೇಗೆಂದು ಕ್ರಮವಾಗಿ ಬರೆಯುತ್ತೇನೆ.

ಅತ್ತೆ ನಿನ್ನೆ ಸಂಜೆ ಬಂದರು. ಇಂದು ಬೆಳಿಗ್ಗೆ ಮೇಘನಳಿಗೆ ಎಣ್ಣೆ ನೀರು ಹಾಕಿ, ಹೊಸ ಫ್ರಾಕು ತೊಡಿಸಿ, ಬೇವುಬೆಲ್ಲ ಕೊಟ್ಟರು. ಈ ನಡುವೆ ನಾನು ಮಗಳನ್ನು ಪಕ್ಕಕ್ಕೆ ಕರೆದು, "ಅಜ್ಜಿಯ ಮುಂದೆ ದಿನವಿಡೀ ಲವಲವಿಕೆಯಿಂದ ಇರಬೇಕು" ಎಂದು ತಿಳಿಸಿದೆ. ಇಷ್ಟೇ ನನ್ನ ಅಪರಾಧ.

ಆಕೆ ತಲೆಯಾಡಿಸಿ ಚಾಪೆಯ ಮೇಲೆ ಕಾಲು ಮಡಿಸಿ ಕುಳಿತಳು. ಹೇಮ ಬಂದು ಕರೆದರೂ ಏಳಲಿಲ್ಲ. ಅರ್ಧ ಗಂಟೆಯ ಬಳಿಕ ನನ್ನ ಬಳಿ ಬಂದು ಪಿಸುದನಿಯಲ್ಲಿ, "ಅಪ್ಪ, ಈಗ ಮಾಡ್ಲಾ ಲವಲವಿಕೆ?" ಎಂದಳು. ಹೋಳಿಗೆ ಊಟವಾದ ಮೇಲೆ ಮತ್ತೊಮ್ಮೆ ಕೇಳಿದಳು. ಮೂರನೆಯ ಸಲ ಕೇಳಿದಾಗ ಅತ್ತೆ ಹಿಂದೆಯೇ ನಿಂತಿದ್ದರು.

ಸಂಜೆ ಬೀದಿಯವರೆಲ್ಲ ಚಂದ್ರದರ್ಶನಕ್ಕೆ ನಾಲೆಯ ಏರಿಯ ಮೇಲೆ ಸೇರಿದೆವು. ಯುಗಾದಿಯ ಗೆರೆಯಂಥ ಚಂದ್ರ ಸುಲಭಕ್ಕೆ ಸಿಗುವುದಿಲ್ಲ. ಅಲ್ಲಿ, ಇಲ್ಲಿ, ತೆಂಗಿನಮರದ ಎಡಕ್ಕೆ ಎಂದು ಹಿರಿಯರೆಲ್ಲ ಕೂಗಾಡಿ, ಕೊನೆಗೆ ಹೇಮ ಕಂಡುಹಿಡಿದಳು. ಎಲ್ಲರೂ ಕೈಮುಗಿದ ಮೇಲೆ ತಿರುಗಿ ನೋಡಿದರೆ ಮೇಘನ ತರಗತಿಯಲ್ಲಿ ಮಾಡುವಂತೆ ಒಂದು ಕೈಯೆತ್ತಿ ನಿಂತಿದ್ದಳು.

"ಏನವ್ವ?" ಎಂದರು ಅತ್ತೆ.

"ನಂಗೆ ಆಗ್ಲೇ ಕಾಣ್ತು ಅಜ್ಜಿ. ಎಲ್ಲದೆ ಅಂತ ಏಳ್ಲಾ?"

ಅತ್ತೆ ಆ ಕೈಯನ್ನು ಹಿಡಿದು ಕೆಳಗಿಳಿಸಿದರು. ನನ್ನ ಕಡೆ ತಿರುಗಿದಾಗ ಅವರ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಎದುರಿಸಬಹುದಿತ್ತು.

"ಚಂದ್ರ ಕಂಡ್ರೂ ಅಪ್ಪಣೆ ಕೇಳೋ ಮಗ. ನಾಳೆ ಬೆಳಿಗ್ಗೆ ಬಸ್ಸಿಗೆ ಕರ್ಕಂಡು ಓಯ್ತೀನಿ ಅಳಿಯಂದ್ರೆ. ನೀವೂ ಒಸಿ ಉಸಿರಾಡ್ಕಳಿ."

ನಾನು ಸುಮ್ಮನಿರಬಹುದಿತ್ತು. ಬದಲಿಗೆ ಏನು ಹೇಳಿದೆನೆಂದರೆ, ನಾಳೆ ವರ್ಷತೊಡಕು, ಆ ದಿನ ಏನು ಮಾಡಿದರೆ ವರ್ಷವೆಲ್ಲ ಅದೇ ನಡೆಯುತ್ತದೆಂದು ಹಿರಿಯರ ಮಾತಿದೆ, ನಾಳೆ ಪ್ರಯಾಣ ಮಾಡಿದವರು ವರ್ಷವಿಡೀ ಅಲೆಯಬೇಕಾಗುತ್ತದೆ. ೧೯೭೯ರಲ್ಲಿ ಮೈಸೂರಿನಲ್ಲಿ 'ಆಚರಣೆಗಳು ಪ್ರಗತಿಗೆ ಅಡ್ಡಿ' ಎಂಬ ವಿಷಯದ ಪರವಾಗಿ ಮಾತನಾಡಿ, ಈ ವರ್ಷತೊಡಕನ್ನೇ ಉದಾಹರಿಸಿ, ಪಾರಿತೋಷಕ ಗೆದ್ದವನು ನಾನು. ಇಂದು ಏರಿಯ ಮೇಲೆ ಅದೇ ಕಂಠದಲ್ಲಿ ಆ ವಿಷಯದ ವಿರುದ್ಧ ಹತ್ತು ನಿಮಿಷ ಮಾತನಾಡಿದೆ. ಎರಡನೆಯದೇ ಉತ್ತಮ ಭಾಷಣ.

"ಚೆಲುವಣ್ಣ ಏಳಾದು ದಿಟ ಕಣಕ್ಕ," ಎಂದರು ಕುಳ್ಳಮ್ಮ. "ನಮ್ಮ ಭಾವ ಒಂದ್ ದಪ ತೊಡಕಿನ ದಿನ ಸಂತೆಗೋದ. ವರ್ಸೆಲ್ಲಾ ಮನೇಲಿ ನಿಲ್ಲಲಿಲ್ಲ. ಅತ್ರೆ ಅಳು, ನಕ್ಕರೆ ನಗ, ಬೈಸ್ಕಂಡ್ರೆ ವರ್ಸ ಪೂರ್ತಿ ಬೈಗಳ."

"ಅಂಗಾರೆ ನಾಡಿದ್ದು ಓಯ್ತೀವಿ," ಎಂದರು ಅತ್ತೆ.

ಮೇಘನ ಕುಳ್ಳಮ್ಮನ ಸೆರಗು ಹಿಡಿದು ಈ ಮಾತನ್ನೆಲ್ಲ ಬಾಯಿಬಿಟ್ಟುಕೊಂಡು ಕೇಳುತ್ತಿದ್ದಳು.

ಒಂದು ದಿನ ಗಳಿಸಿದ್ದೇನೆ. ಅದರಿಂದ ಏನು ಮಾಡಬೇಕೆಂದು ತೋಚುತ್ತಿಲ್ಲ.

ಗುರುವಾರ, ೧೦ ಏಪ್ರಿಲ್

ನಿನ್ನೆ ಬರೆಯಲು ಅನುಮತಿ ದೊರೆಯಲಿಲ್ಲ. ನಿನ್ನೆ ಬರೆದವರು ವರ್ಷವೆಲ್ಲ ಬರೆಯುತ್ತ ಕೂರಬೇಕಾಗುತ್ತದೆ ಎಂಬ ಕಾರಣಕ್ಕೆ ಮೇಘನ ಪೆನ್ನನ್ನು ಅಕ್ಕಿಡಬ್ಬಿಯಲ್ಲಿ ಹೂತಿದ್ದಳು. ಆದ್ದರಿಂದ ನಿನ್ನೆಯದನ್ನು ಇಂದು ಬರೆಯುತ್ತಿದ್ದೇನೆ.

ಬೆಳಿಗ್ಗೆ ಕಾಫಿಗೂ ಮುಂಚೆ ಆಕೆ ಸ್ಲೇಟು ಹಿಡಿದು ನನ್ನ ಮುಂದೆ ನಿಂತಳು. ಅಕ್ಷರ ಇನ್ನೂ ಪೂರ್ತಿ ಬಾರದ್ದರಿಂದ ಚಿತ್ರಗಳು. ಉಯ್ಯಾಲೆ, ಮರ, ಮರಳಿನ ಗೂಡು, ಊಟದ ಎಲೆ, ಹಣೆಯಲ್ಲಿ ದೊಡ್ಡ ಬೊಟ್ಟಿಟ್ಟ ಒಬ್ಬ ಹೆಂಗಸು. ಕೊನೆಯಲ್ಲಿ ಒಂದು ಬಸ್ಸು.

"ಇಷ್ಟೂ ಇವತ್ತು ಮಾಡ್ಬುಡಬೇಕು ಅಪ್ಪ. ಒಸೊಸಿ ಮಾಡಿದ್ರೂ ಸಾಕು. ಆಮೇಲೆ ವರ್ಸ ಪೂರ್ತಿ ತಾನಾಗೇ ಆಯ್ತದೆ. ನೀನು ಆಪೀಸಿಗೆ ಓದ್ರೆ ವರ್ಸ ಪೂರ್ತಿ ಆಪೀಸೇ."

ಯೋಜನೆ ಪರಿಪೂರ್ಣವಾಗಿತ್ತು. ಒಂದು ಚಿತ್ರದ ಬಗ್ಗೆ ಮಾತ್ರ ಪ್ರಶ್ನೆ ಕೇಳಲು ಧೈರ್ಯ ಸಾಲಲಿಲ್ಲ. ಆ ಬಸ್ಸಿನ ಕಿಟಕಿಯಲ್ಲಿ ಮುಡಿ ಕಟ್ಟಿದ ಅಜ್ಜಿಯ ತಲೆ ಸ್ಪಷ್ಟವಾಗಿತ್ತು.

ಹದಿನಾಲ್ಕು ವರ್ಷಗಳ ಸೇವೆಯಲ್ಲಿ ಮುಂಚಿತವಾಗಿ ತಿಳಿಸದೆ ಪಡೆದ ಮೊದಲ ರಜೆ. ಪೆನ್ನು ಅಕ್ಕಿಡಬ್ಬಿ ಸೇರುವ ಮುನ್ನ ರಜೆ ಚೀಟಿಯ ಕಾರಣದ ಜಾಗದಲ್ಲಿ 'ಅನಿವಾರ್ಯ' ಎಂದು ಬರೆದು ಕಳುಹಿಸಿದೆ.

ಮೊದಲು ಹೊಂಗೆಯ ಕೊಂಬೆಗೆ ಹಗ್ಗ ಕಟ್ಟಿ ಉಯ್ಯಾಲೆ. ತಿಮ್ಮೇಶ ಜೋರಾಗಿ ಜೀಕಿ ಬಿದ್ದು ಮೊಣಕೈ ತರಚಿಕೊಂಡ. ಬಾಯಿ ಬಿಚ್ಚುವಷ್ಟರಲ್ಲಿ ಬೀದಿಯ ಹೆಂಗಸರೆಲ್ಲ ಒಟ್ಟಿಗೆ, "ಅಳ್ಬೇಡ ಕಣ್ಲಾ, ವರ್ಸ ಪೂರ್ತಿ ಅಳ್ತೀಯ!" ಎಂದು ಕಿರುಚಿದರು. ಹುಡುಗ ಅಳುವನ್ನು ನುಂಗಿ, ಕಣ್ಣಲ್ಲಿ ನೀರು ತುಂಬಿಕೊಂಡು, ಹಾಡಿನಂಥದ್ದೇನನ್ನೋ ಹಾಡಿದ.

ಆಮೇಲೆ ಮರ. ನಾನು ಕೆಳಗೇ ಉಳಿದರೆ ವರ್ಷವೆಲ್ಲ ಕಳ್ಳನಾಗಬೇಕಾಗುವುದರಿಂದ ಹತ್ತಲೇಬೇಕಾಯಿತು. ಕುಳ್ಳಮ್ಮ ಕೆಳಗಿನಿಂದ ನೂಕಿದರು. ಅಳಿಯನನ್ನು ಆ ಭಂಗಿಯಲ್ಲಿ ನೋಡಬಾರದೆಂದು ಅತ್ತೆ ಮುಖ ತಿರುಗಿಸಿಕೊಂಡರು, ಆದರೆ "ಎಡಗಾಲು, ಎಡಗಾಲು" ಎಂದು ಸೂಚನೆ ಕೊಡುತ್ತಲೇ ಇದ್ದರು. ಮೊದಲ ಕವಲು ತಲುಪಿದೆ. ಇಳಿಯಲು ಏಣಿ ತರಿಸಬೇಕಾಯಿತು. ಮೇಘನ ನಕ್ಕು ನಕ್ಕು ಬಿಕ್ಕಳಿಕೆ ಬಂದು ನೀರು ಕುಡಿದಳು. ನಾಲೆಯಲ್ಲಿ ಗೂಡು ಕಟ್ಟಿದೆವು, ಬಾಡೂಟ ಉಂಡೆವು, ಒಂದೂ ವಿಳಂಬವಾಗಲಿಲ್ಲ.

ಊಟವಾದ ಮೇಲೆ ಹೊಂಗೆಯ ನೆರಳಿನಲ್ಲಿ ಆಕೆ ಬೊಟ್ಟಿನ ಹೆಂಗಸಿನ ಮೇಲೆ ಬೆರಳಿಟ್ಟಳು.

"ಈಗ ಅಮ್ಮ."

"ಬ್ಯಾಡ ಕಣವ್ವ," ಎಂದರು ಅತ್ತೆ ಥಟ್ಟನೆ. "ಇವತ್ತು ಅಳಬಾರ್ದು."

"ಅಳಕ್ಕಲ್ಲ ಅಜ್ಜಿ, ನೆನೆಯಕ್ಕೆ. ಇವತ್ತು ನೆನೀದಿದ್ರೆ ವರ್ಸ ಪೂರ್ತಿ ಮರ್ತೋಯ್ತದೆ. ಅಪ್ಪ ಅಮ್ಮನ್ ಕತೆ ಏಳ್ಬೇಕು. ಅಪ್ಪ ಯಾವತ್ತೂ ಏಳಲ್ಲ."

ಅದು ನಿಜ. ಹದಿಮೂರು ತಿಂಗಳಿಂದ ನಾನು ಆ ಹೆಸರನ್ನು ಈ ಪುಸ್ತಕದಲ್ಲಿ ಬರೆದಿದ್ದೇನೆಯೇ ಹೊರತು ಬಾಯಿಬಿಟ್ಟು ಉಚ್ಚರಿಸಿಲ್ಲ. ಸಿದ್ಧತೆಯಿಲ್ಲದೆ ಎಂದೂ ಮಾತನಾಡಿದವನಲ್ಲ. ಎಲ್ಲಿಂದ ಆರಂಭಿಸಬೇಕೆಂದು ತಿಳಿಯದೆ ಹೆಣ್ಣು ನೋಡಲು ಹೋದ ದಿನದಿಂದ ಆರಂಭಿಸಿದೆ. ಅಂದು ಅಕ್ಕಿಹೆಬ್ಬಾಳಿನ ಪಡಸಾಲೆಯಲ್ಲಿ ನಾನು ಹುಡುಗಿಗೆ, "ಆಧುನಿಕ ಸಮಾಜದಲ್ಲಿ ಸ್ತ್ರೀಯ ಸ್ಥಾನಮಾನದ ಬಗ್ಗೆ ತಮ್ಮ ಅಭಿಪ್ರಾಯವೇನು?" ಎಂದು ಕೇಳಿದೆ. ಯಶೋದ ತಟ್ಟೆ ಹಿಡಿದು ನಿಂತು ಸ್ವಲ್ಪ ಯೋಚಿಸಿ, "ಕಾಫಿ ಆರೋಯ್ತದೆ, ಕುಡೀರಿ," ಎಂದಳು.

ಮೇಘನ "ಅಮ್ಮ ಅಂಗಂದ್ಲಾ?" ಎಂದು ಕೇಕೆ ಹಾಕಿದಳು. ಇನ್ನೊಮ್ಮೆ ಹೇಳಿಸಿದಳು. ಮತ್ತೂ ಒಮ್ಮೆ.

"ನೀವು ಎದ್ದೋದ್ಮೇಲೆ ಒಳೀಕ್ ಬಂದು ಏನಂದ್ಲು ಗೊತ್ತಾ ಅಳಿಯಂದ್ರೆ?" ಎಂದರು ಅತ್ತೆ. "'ಅವ್ವಾ, ಈ ಮನುಷ್ಯಂಗೆ ಸುಮ್ಕಿರಾದು ಯಾರೂ ಕಲಿಸಿಲ್ಲ, ನಾನು ಕಲಿಸ್ತೀನಿ, ಒಪ್ಕಬುಡು' ಅಂದ್ಲು."

ಇದು ನನಗೆ ತಿಳಿದಿರಲಿಲ್ಲ. ನಾವು ನಕ್ಕೆವು. ಅತ್ತೆ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ಅದು ಅಳುವಲ್ಲ, ಲೆಕ್ಕಕ್ಕಿಲ್ಲ ಎಂದು ಮೇಘನ ತೀರ್ಪು ಕೊಟ್ಟಳು. ಎಷ್ಟು ಹೊತ್ತು ಮಾತನಾಡಿದೆವೋ, ಗಡಿಯಾರ ನೋಡಲಿಲ್ಲ.

ಆಮೇಲೆ ಉಳಿದದ್ದು ಬಸ್ಸು.

ಮೇಘನ ಅಜ್ಜಿಯ ಕೈಗೆ ಬಟ್ಟೆಚೀಲ ಕೊಟ್ಟಳು. ಮೂವರೂ ಬಸ್‌ಸ್ಟ್ಯಾಂಡಿಗೆ ನಡೆದೆವು. ಕೆ.ಆರ್. ಪೇಟೆ ಬಸ್ಸು ಹೊರಡಲು ಸಿದ್ಧವಾಗಿತ್ತು.

"ಬಸ್ ಅತ್ತು ಅಜ್ಜಿ. ಮುಂದ್ಲ ಸ್ಟಾಪಲ್ಲಿ ಇಳ್ಕಂಡು ವಾಪಸ್ ಬಂದ್ಬುಡು."

"ಅದ್ಯಾಕವ್ವ?"

"ನೀನು ಬರೀ ಓಗ್ಬುಟ್ರೆ ವರ್ಸ ಪೂರ್ತಿ ಬರಲ್ಲ. ಇಲ್ಲೇ ಇದ್ರೆ ಊರಲ್ಲಿ ನಿನ್ ಅಸುಗೆ ಉಲ್ಲು ಆಕೋರು ಯಾರು? ಅದ್ಕೆ ಓಗೂ ಬೇಕು, ಬರೂ ಬೇಕು. ಇವತ್ತು ಒಂದ್ ದಪ ಓಗ್ಬಂದ್ರೆ ವರ್ಸ ಪೂರ್ತಿ ಓಗ್ತಾ ಬರ್ತಾ ಇರ್ತೀಯ."

ಕಂಡಕ್ಟರು ಸೀಟಿ ಬಾಯಲ್ಲಿಟ್ಟುಕೊಂಡು ಕೇಳುತ್ತಿದ್ದ. ಊದಲಿಲ್ಲ.

ಅತ್ತೆ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಕೈ ಚಾಚಿದರು. "ಅಂಗಾರೆ ನೀನೂ ಬಾ ಮಗ. ಇಬ್ರೂ ಓಗ್ಬುಟ್ಟು ಬರಾವ."

ಮೇಘನ ಆ ಕೈಯನ್ನು ನೋಡಿದಳು. ತಿರುಗಿ ನನ್ನನ್ನು ನೋಡಿದಳು. ನಾನು ಬೇವಿನಮರದ ಬುಡದಲ್ಲಿ ನಿಂತಿದ್ದೆ. ಮುಖವನ್ನು ಸಾಧ್ಯವಾದಷ್ಟು ನಿರ್ವಿಕಾರವಾಗಿಟ್ಟುಕೊಂಡಿದ್ದೆನೆಂದು ನಂಬಿದ್ದೇನೆ.

"ನಾನು ಬಸ್ ಅತ್ತಕಿಲ್ಲ ಅಜ್ಜಿ," ಎಂದಳು. "ನಾನು ಬಸ್ ಅತ್ಬುಟ್ರೆ ಅಪ್ಪ ವರ್ಸ ಪೂರ್ತಿ ಇಲ್ಲೇ ಇಂಗೇ ನಿಂತಿರಬೇಕಾಯ್ತದೆ."

ಅತ್ತೆ ಚಾಚಿದ್ದ ಕೈಯನ್ನು ಹಿಂತೆಗೆದುಕೊಂಡು ಅದೇ ಕೈಯಿಂದ ಬಾಗಿಲ ಕಂಬಿ ಹಿಡಿದು ಹತ್ತಿದರು. ಕಿಟಕಿಯ ಬಳಿ ಕುಳಿತು ಬಟ್ಟೆಚೀಲವನ್ನು ಮಡಿಲಿಗೆ ಎಳೆದುಕೊಂಡರು.

"ಏನಯ್ಯ, ರೈಟ್ ಅನ್ನಯ್ಯ," ಎಂದು ಕಂಡಕ್ಟರನ ಮೇಲೆ ರೇಗಿದರು. "ಓಗ್ಬುಟ್ಟು ಬೇಗ ಬರಬೇಕು ನಾನು."

ಮುಕ್ಕಾಲು ಗಂಟೆಯ ನಂತರ ಕಬ್ಬಿನ ಟ್ರಾಕ್ಟರೊಂದರಲ್ಲಿ ಹಿಂದಿರುಗಿದರು.

ಇಂದು ಬೆಳಿಗ್ಗೆ ಅದೇ ಬಸ್ಸಿನಲ್ಲಿ ಊರಿಗೆ ಹೊರಟರು, ಒಬ್ಬರೇ. ಮೇಘನಳನ್ನು ಅಲ್ಲಿನ ಸ್ಕೂಲಿಗೆ ಸೇರಿಸುವ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬಸ್ಸು ಹೊರಡುವಾಗ ಕಿಟಕಿಯಿಂದ ಬಗ್ಗಿ, "ಮುಂದ್ಲ ಭಾನುವಾರ ಬತ್ತೀನಿ ಅಳಿಯಂದ್ರೆ," ಎಂದರು. "ಬರ್ದೆ ಇರಾಕಾಯ್ತದಾ? ನಿಮ್ಮ ಮಗಳು ಆಗ್ಲೇ ನನ್ನ ವರ್ಸ ಪೂರ್ತಿಗೆ ಕಟ್ಟಾಕವ್ಳೆ."